‘ಹೋಗಿದ್ದೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಮಾಟುಂಗದಲ್ಲಿ ಕನ್ನಡ ಬಂಧುಗಳ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕಿಳಿಸಿದ್ದೇನೆ. ಅಂದು ಹಲಗೆಯ ಮೇಲೆ ಬರೆದು ತೋರಿಸಿದ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ. ಗಟ್ಟಿಯಾಗಿ ಓದಿಕೊಂಡರೆ ಅವು ಇನ್ನೂ ಚೆನ್ನಾಗಿ ಮನಸ್ಸಿಗೆ ಹತ್ತುತ್ತವೆ. ಮಾತಿನಲ್ಲಿ ನುಸುಳಿದ್ದ ಪುನರುಕ್ತಿಗಳನ್ನು ಕಳೆದು, ಕೊನೆಯಲ್ಲಿ ಬಂದ ಪ್ರಶ್ನೆಗಳ ಪೈಕಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಅಧ್ಯಕ್ಷರೇ, ಹಿರಿಯರೇ, ತಾಯಂದಿರೇ, ಗೆಳೆಯರೇ,

ಇಂಗ್ಲಿಷ್ ವ್ಯಾಕರಣದ ಬಗ್ಗೆ ಕನ್ನಡದಲ್ಲಿ ಒಂದು ಗಂಟೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಸ್ವಲ್ಪ ಹಿಂಜರಿದೆ. ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರು ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ, ಮಾರುಕಟ್ಟೆಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ದಿನವಿಡೀ ಭಾಷೆ ಬದಲಿಸುತ್ತ ಬದುಕುವವರು; ಅವರಿಗೆ ಭಾಷೆಯ ಪಾಠ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ ಆದೀತು ಎಂಬ ಅಳುಕು. ಆದರೂ ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ರಾತ್ರಿ ಶಾಲೆಯಲ್ಲಿಯೂ ಆಮೇಲೆ ಕಾಲೇಜಿನಲ್ಲಿಯೂ ಇಂಗ್ಲಿಷ್ ಕಲಿಸುತ್ತಿದ್ದಷ್ಟು ಕಾಲ ನನ್ನ ಮುಂದೆ ಬಂದ ಕನ್ನಡದ ಮಕ್ಕಳು ಮಾಡುತ್ತಿದ್ದ ತಪ್ಪುಗಳು ಅಡ್ಡಾದಿಡ್ಡಿಯಾಗಿ ಚೆಲ್ಲಿದ ತಪ್ಪುಗಳಾಗಿರಲಿಲ್ಲ. ಅವು ಪ್ರತಿವರ್ಷವೂ ಅದದೇ ನಾಲ್ಕೈದು ಜಾಗಗಳಲ್ಲಿ, ಮಳೆಗಾಲದಲ್ಲಿ ಹಿಂದಮಾತಾದ ಬಳಿ ನೀರು ನಿಲ್ಲುವಷ್ಟೇ ಖಚಿತವಾಗಿ ಕಾಣಿಸಿಕೊಳ್ಳುತ್ತಿದ್ದವು. ನೀರು ಎಲ್ಲಿ ನಿಲ್ಲುತ್ತದೆಂದು ತಿಳಿದರೆ ದಾರಿ ಬದಲಿಸಬಹುದು. ಆ ಜಾಗಗಳನ್ನು ತೋರಿಸುವುದಷ್ಟೇ ಈ ಮಾತಿನ ಉದ್ದೇಶ.

ಒಂದು ಸಣ್ಣ ಪ್ರಸಂಗದಿಂದ ಆರಂಭಿಸುತ್ತೇನೆ. ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಜ್ವರ ಬಂದು ವೈದ್ಯರ ಬಳಿ ಹೋದರು. ವೈದ್ಯರು ಹೊಸಬರು, ಕನ್ನಡವೂ ಬಾರದು, ಮರಾಠಿಯೂ ಅಷ್ಟಕ್ಕಷ್ಟೆ. ನಮ್ಮ ಹಿರಿಯರು ಇಂಗ್ಲಿಷಿನಲ್ಲಿ ‘ಐ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್’ ಎಂದರು. ವೈದ್ಯರು ತಲೆಯಾಡಿಸಿ, ಜ್ವರ ಬಿಟ್ಟ ಮೇಲೆ ಸುಸ್ತು ಇದೆಯೇ, ಊಟ ಸೇರುತ್ತಿದೆಯೇ ಎಂದು ವಿಚಾರಿಸತೊಡಗಿದರು. ಮೈ ಕೆಂಡದಂತೆ ಸುಡುತ್ತಿದ್ದ ಮನುಷ್ಯನಿಗೆ ಸಿಟ್ಟು ಬಂತು. ಮನೆಗೆ ಬಂದು, ‘ಆ ವೈದ್ಯರಿಗೆ ಕಿವಿ ಕೇಳುವುದಿಲ್ಲ’ ಎಂದು ನನ್ನೆದುರು ದೂರಿದರು. ಕಿವಿ ಸರಿಯಾಗಿಯೇ ಕೇಳಿತ್ತು. ‘ಐ ಹ್ಯಾಡ್’ ಎಂದಾಗ ಜ್ವರ ಬಂದು ಹೋಯಿತು ಎಂದೇ ಅರ್ಥ. ಇನ್ನೂ ಇದೆ ಎನ್ನಬೇಕಾದರೆ ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್’ ಎನ್ನಬೇಕಿತ್ತು. ನಡುವೆ ಒಂದು ‘ಹ್ಯಾವ್’ ಇಲ್ಲದ ಕಾರಣಕ್ಕೆ ಮೂರು ದಿನದ ಜ್ವರ ವೈದ್ಯರ ಕಿವಿಯಲ್ಲಿ ಇಳಿದುಹೋಗಿತ್ತು.

ಶಾಲೆಯಲ್ಲಿ ನಮಗೆ ಇಂಗ್ಲಿಷಿನ ಕಾಲಗಳನ್ನು ಒಂದು ಕೋಷ್ಟಕವಾಗಿ ಕಲಿಸಿದರು: ಕಾಲ ಮೂರು, ಒಂದೊಂದಕ್ಕೂ ನಾಲ್ಕು ರೂಪ, ಒಟ್ಟು 12. ಆ 12 ರೂಪಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದವರು ಈ ಸಭೆಯಲ್ಲಿ ಅನೇಕರಿದ್ದೀರಿ. ಕೋಷ್ಟಕ ಸುಳ್ಳಲ್ಲ, ಆದರೆ ರೂಪವನ್ನು ಹೇಗೆ ಕಟ್ಟಬೇಕು ಎನ್ನುವುದನ್ನು ಹೇಳುವ ಅದು, ಯಾವಾಗ ಯಾವುದನ್ನು ಆರಿಸಬೇಕು ಎನ್ನುವುದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇನ್ನೊಂದು ಕಡೆ, ‘ಕನ್ನಡವನ್ನು ಮರೆತು ಇಂಗ್ಲಿಷಿನಲ್ಲಿಯೇ ಯೋಚಿಸಿ’ ಎಂದು ಉಪದೇಶಿಸುವವರಿದ್ದಾರೆ. ಈ ಉಪದೇಶವನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷಿನ ಕಾಲಗಳನ್ನು ಆರಿಸಿಕೊಳ್ಳಲು ಬೇಕಾದ ವಿವೇಕದ ಮುಕ್ಕಾಲು ಪಾಲು ನಮ್ಮ ಕನ್ನಡದ ಕಿವಿಯಲ್ಲಿಯೇ ಇದೆ. ಉಳಿದ ಕಾಲು ಪಾಲಿನಲ್ಲಿ ಆ ಕಿವಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಯಾವುದು ಯಾವ ಪಾಲು ಎಂದು ಬೇರ್ಪಡಿಸಿಕೊಂಡರೆ ಕೆಲಸ ಹಗುರವಾಗುತ್ತದೆ.

ಮೊದಲು ಮುಕ್ಕಾಲು ಪಾಲನ್ನು ನೋಡೋಣ. ಊರಿನಿಂದ ಅಣ್ಣ ಬಂದದ್ದನ್ನು ನಾವು ಎರಡು ಬಗೆಯಲ್ಲಿ ಹೇಳಬಹುದು. ‘ಅಣ್ಣ ಬಂದ’ ಎಂದರೆ ಬಂದ ಘಟನೆಯನ್ನು ಹೇಳಿದಂತಾಯಿತು. ‘ಅಣ್ಣ ಬಂದಿದ್ದಾನೆ’ ಎಂದರೆ ಆತ ಈಗ ಒಳಗೆ ಕುಳಿತಿದ್ದಾನೆ, ಕಾಫಿಗೆ ಇನ್ನೊಂದು ಲೋಟ ನೀರು ಇಡಬೇಕು ಎಂಬ ಸೂಚನೆಯೂ ಅದರಲ್ಲಿ ಸೇರಿತು. ಘಟನೆ ಹಿಂದಿನದು, ಫಲ ಇಂದಿನದು. ಇಂಗ್ಲಿಷಿನ ‘ಬ್ರದರ್ ಕೇಮ್’ ಮತ್ತು ‘ಬ್ರದರ್ ಹ್ಯಾಸ್ ಕಮ್’ ಎಂಬವುಗಳ ನಡುವಿನ ಅಂತರವೂ ಮೂಲದಲ್ಲಿ ಇಷ್ಟೇ. ತುಳು ಮಾತನಾಡುವವರಿಗೆ ಇದು ಇನ್ನೂ ಸ್ಪಷ್ಟ. ಅವರು ‘ಬತ್ತೆ’ ಎಂದರೆ ಬಂದೆ, ‘ಬೈದೆ’ ಎಂದರೆ ಬಂದಿದ್ದೇನೆ. ಸಹಾಯಕ್ಕೆ ಇನ್ನೊಂದು ಪದವನ್ನು ಕರೆಯದೆ ಒಂದೇ ಪದದ ರೂಪ ಬದಲಿಸಿ ಅದೇ ವ್ಯತ್ಯಾಸವನ್ನು ತೋರಿಸುತ್ತಾರೆ. ಶಾಲೆಯ ಕನ್ನಡ ವ್ಯಾಕರಣದಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರನ್ನು ಕಲಿತು ಮುಂದೆ ಹೋದ ನಮಗೆ, ‘ಬಂದಿದ್ದಾನೆ’ ಎಂಬುದು ಒಂದು ಬೇರೆಯೇ ನೋಟವೆಂದು ಯಾರೂ ಹೆಸರಿಟ್ಟು ಹೇಳಲಿಲ್ಲ. ಹೆಸರಿಲ್ಲದೆಯೇ ನಾವು ಅದನ್ನು ಮೂರನೆಯ ವಯಸ್ಸಿನಿಂದ ತಪ್ಪಿಲ್ಲದೆ ಬಳಸುತ್ತಿದ್ದೇವೆ.

ಈ ರೂಪಗಳು ಹುಟ್ಟಿದ ಬಗೆಯೂ ಗಮನಿಸತಕ್ಕದ್ದು. ಕನ್ನಡದಲ್ಲಿ ‘ಬಂದು’ ಎಂಬ ಕೃದಂತಾವ್ಯಯಕ್ಕೆ ‘ಇದ್ದೇನೆ’ ಸೇರಿ ‘ಬಂದಿದ್ದೇನೆ’ ಆಯಿತು: ಬಂದು, ಇಲ್ಲಿ ಇದ್ದೇನೆ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಒಡೆತನವನ್ನು ಹೇಳುವ ‘ಹ್ಯಾವ್’ ಬಂತು: ಬರೆದ ಕಾಗದ ನನ್ನ ಬಳಿ ಇದೆ ಎಂಬಂಥ ಮಾತು ನಿಧಾನವಾಗಿ ‘ಕಾಗದ ಬರೆದಿದ್ದೇನೆ’ ಎಂಬ ಅರ್ಥಕ್ಕೆ ಜಾರಿತು. ಕುತೂಹಲದ ಸಂಗತಿಯೆಂದರೆ, ಬರುವುದು ಹೋಗುವುದು ಮುಂತಾದ ಚಲನೆಯ ಕ್ರಿಯಾಪದಗಳಿಗೆ ಹಳೆಯ ಇಂಗ್ಲಿಷರೂ ನಮ್ಮಂತೆ ‘ಇರು’ ಎಂಬುದನ್ನೇ ಸೇರಿಸುತ್ತಿದ್ದರು; ‘ಹೀ ಈಸ್ ಕಮ್’ ಎಂದರೆ ಅಕ್ಷರಶಃ ‘ಬಂದಿದ್ದಾನೆ’. ಅದರ ಕುರುಹು ‘ಹೀ ಈಸ್ ಗಾನ್’ ಎಂಬ ಮಾತಿನಲ್ಲಿ ಇಂದಿಗೂ ಉಳಿದಿದೆ. ಎರಡು ಭಾಷೆಗಳೂ ಬೇರೆ ಬೇರೆ ಮನೆಯಿಂದ ಹೊರಟು ಒಂದೇ ಕಟ್ಟೆಗೆ ಬಂದು ಕುಳಿತಿವೆ ಎಂಬುದಕ್ಕಾಗಿ ಇದನ್ನು ಹೇಳಿದೆ.

ಇನ್ನು ದಾರಿ ತಪ್ಪುವ ಜಾಗಗಳು.

ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ಮೆಟ್ಟಿಲ ಬಳಿ ತಡೆದು ಮೇಂಟೆನೆನ್ಸ್ ಹಣ ಕೇಳುತ್ತಾರೆ. ‘ನಿನ್ನೆಯೇ ಕಟ್ಟಿದ್ದೇನಲ್ಲ’ ಎನ್ನುತ್ತೇವೆ. ಕನ್ನಡದಲ್ಲಿ ಇದು ಶುದ್ಧವಾದ ಮಾತು. ಫಲ ಇಂದಿಗೂ ಇದೆ, ದಿನವನ್ನೂ ಹೇಳಿದ್ದೇವೆ, ಎರಡೂ ಒಂದೇ ವಾಕ್ಯದಲ್ಲಿ ಸುಖವಾಗಿವೆ. ಇಂಗ್ಲಿಷಿನಲ್ಲಿ ಇವು ಜೊತೆಗಿರಲಾರವು. ‘ಐ ಹ್ಯಾವ್ ಪೇಯ್ಡ್ ಇಟ್ ಯೆಸ್ಟರ್ಡೇ’ ಎನ್ನುವಂತಿಲ್ಲ. ‘ಐ ಹ್ಯಾವ್ ಪೇಯ್ಡ್ ಇಟ್’ ಎನ್ನಬಹುದು, ಅಥವಾ ‘ಐ ಪೇಯ್ಡ್ ಇಟ್ ಯೆಸ್ಟರ್ಡೇ’ ಎನ್ನಬಹುದು. ಮುಗಿದುಹೋದ ಹೊತ್ತೊಂದನ್ನು, ಅಂದರೆ ನಿನ್ನೆ, ಹೋದ ವಾರ, 1995ರಲ್ಲಿ, ಎರಡು ಗಂಟೆಯ ಹಿಂದೆ ಎಂಬುದನ್ನು ಬಾಯಿಬಿಟ್ಟು ಹೇಳಿದ ಕ್ಷಣವೇ ಆ ಹೊತ್ತಿನ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಬಾಗಿಲಿನೊಳಗೆ ‘ಹ್ಯಾವ್’ ಕಾಲಿಡುವುದಿಲ್ಲ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬ ಈ ಒಂದು ಪ್ರಶ್ನೆಯನ್ನು ನಾನು ತರಗತಿಯಲ್ಲಿ ಬೇರೆಲ್ಲ ನಿಯಮಗಳಿಗಿಂತ ಮುಂದೆ ಇಡುತ್ತಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ‘ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್’ ಎನ್ನುವ ಮನುಷ್ಯ, ಅದೇ ಎರಡು ಕಾಫಿಯ ಬಗ್ಗೆ ಸಂಜೆ ಮಾತನಾಡುವಾಗ ‘ಐ ಹ್ಯಾಡ್’ ಎನ್ನುತ್ತಾನೆ. ಕಾಫಿ ಬದಲಾಗಲಿಲ್ಲ, ಬೆಳಗಿನ ಬಾಗಿಲು ಮುಚ್ಚಿತು.

ಮುಂಬಯಿಯ ಚರಿತ್ರೆಯಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳಿ. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ಓಡಿತು. ‘ದ ಫಸ್ಟ್ ಟ್ರೇನ್ ರ‍್ಯಾನ್ ಇನ್ 1853’ ಎಂಬುದೇ ಸರಿ. ಇಲ್ಲಿ ‘ಹ್ಯಾಸ್ ರನ್’ ಸಲ್ಲದು. ಆದರೆ ಆ ಮೊದಲ ರೈಲನ್ನು ಬಿಟ್ಟು, ಅಂದಿನಿಂದ ಇಂದಿನವರೆಗೂ ಓಡುತ್ತಿರುವ ರೈಲುಗಳ ಬಗ್ಗೆ ಹೇಳುವಾಗ ‘ಟ್ರೇನ್ಸ್ ಹ್ಯಾವ್ ರನ್ ಆನ್ ದಿಸ್ ಲೈನ್ ಸಿನ್ಸ್ 1853’ ಎನ್ನಬೇಕು. ಇಸವಿ ಒಂದೇ ಆದರೂ ‘ಇನ್’ ಎಂದಾಗ ಬಾಗಿಲು ಮುಚ್ಚಿತು, ‘ಸಿನ್ಸ್’ ಎಂದಾಗ ತೆರೆದುಕೊಂಡಿತು. ಇದರಂತೆಯೇ, ತೀರಿಹೋದವರ ಕೆಲಸಗಳನ್ನು ಹೇಳುವಾಗ ಸಾಮಾನ್ಯವಾಗಿ ಸಿಂಪಲ್ ಪಾಸ್ಟ್, ಅಂದರೆ ‘ಹ್ಯಾವ್’ ಸೇರದ ಸರಳ ಭೂತಕಾಲ, ಹೊಂದುತ್ತದೆ. 1903ರಲ್ಲಿ ಬಾಗಿಲು ತೆರೆದ ತಾಜ್ ಹೋಟೆಲಿನ ಬಗ್ಗೆ ಬರೆಯುವಾಗ ಜಮ್ಶೆಟ್ಜಿ ಟಾಟಾ ಅವರು ಅದನ್ನು ‘ಬಿಲ್ಟ್’ ಎನ್ನಬೇಕೇ ಹೊರತು ‘ಹ್ಯಾಸ್ ಬಿಲ್ಟ್’ ಎಂದರೆ, ಅವರು ಈಗಲೂ ಇದ್ದು ನಾಳೆ ಇನ್ನೊಂದನ್ನು ಕಟ್ಟಿಯಾರು ಎಂಬ ಧ್ವನಿ ಬರುತ್ತದೆ.

ಪತ್ರಿಕೆ ಓದುವವರು ಇದನ್ನು ಸುಲಭವಾಗಿ ಅಭ್ಯಾಸ ಮಾಡಬಹುದು. ಇಂಗ್ಲಿಷ್ ಪತ್ರಿಕೆಗಳ ಸುದ್ದಿಯಲ್ಲಿ ಮೊದಲ ವಾಕ್ಯ ಎಷ್ಟೋ ಸಲ ‘ಹ್ಯಾಸ್’ ಅಥವಾ ‘ಹ್ಯಾವ್’ ಹೊತ್ತು ಬರುತ್ತದೆ: ಸರಕಾರ ಹೊಸ ದರ ಪ್ರಕಟಿಸಿದೆ. ಎರಡನೆಯ ವಾಕ್ಯದಿಂದ, ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬ ವಿವರ ಶುರುವಾದೊಡನೆ ಅದು ಸಿಂಪಲ್ ಪಾಸ್ಟಿಗೆ ಇಳಿಯುತ್ತದೆ: ಸಚಿವರು ನಿನ್ನೆ ಸಂಜೆ ಹೇಳಿದರು. ಸುದ್ದಿ ಇಂದಿನದು, ವಿವರ ನಿನ್ನೆಯದು. ಕಚೇರಿಯ ಇಮೇಲಿಗೂ ಇದೇ ಕ್ರಮ ಸಾಕು. ‘ಐ ಹ್ಯಾವ್ ಸೆಂಟ್ ದ ಫೈಲ್. ಐ ಸೆಂಟ್ ಇಟ್ ಅಟ್ ಇಲೆವೆನ್.’

ಎರಡನೆಯ ಜಾಗ ನಮ್ಮ ‘ಇಂದ’ ಎಂಬ ಪ್ರತ್ಯಯದ್ದು. ‘ಇಪ್ಪತ್ತು ವರ್ಷದಿಂದ ಮುಂಬಯಿಯಲ್ಲಿ ಇದ್ದೇನೆ’ ಎಂಬ ಸರಳ ಮಾತಿನಲ್ಲಿ ಇಂಗ್ಲಿಷಿಗೆ ಎರಡು ಹೊಂಚುಗಳಿವೆ. ‘ಇದ್ದೇನೆ’ ಎಂಬುದು ನಮಗೆ ವರ್ತಮಾನ. ಅದನ್ನು ಹಾಗೆಯೇ ಎತ್ತಿಕೊಂಡು ‘ಐ ಆಮ್ ಲಿವಿಂಗ್ ಇನ್ ಮುಂಬಯಿ ಸಿನ್ಸ್ ಟ್ವೆಂಟಿ ಇಯರ್ಸ್’ ಎನ್ನುತ್ತೇವೆ. ಇಲ್ಲಿ ಮರಾಠಿಯ ‘ಪಾಸೂನ್’, ಹಿಂದಿಯ ‘ಸೇ’ ಕೂಡ ನಮ್ಮ ‘ಇಂದ’ದ ಹಾಗೆಯೇ ವರ್ತಮಾನದೊಂದಿಗೆ ಸೇರುವುದರಿಂದ, ಸುತ್ತಲಿನ ಯಾರೂ ಈ ತಪ್ಪನ್ನು ತಪ್ಪೆಂದು ಗುರುತಿಸುವುದಿಲ್ಲ, ಲೋಕಲಿನ ಒಂದು ಡಬ್ಬಿಯೊಳಗೆ ಅದು ನೂರು ಸಲ ಕೇಳಿಬಂದೀತು. ಇಂಗ್ಲಿಷಿನ ನೋಟ ಬೇರೆ. ಹಿಂದೆ ಎಲ್ಲಿಯೋ ಆರಂಭವಾಗಿ ಈ ಕ್ಷಣದವರೆಗೆ ಚಾಚಿಕೊಂಡಿರುವುದಕ್ಕೆ ಅದು ಬರಿಯ ವರ್ತಮಾನವನ್ನು ಸಾಕೆಂದು ಒಪ್ಪುವುದಿಲ್ಲ. ಆರಂಭವನ್ನೂ ಈಗನ್ನೂ ಕಟ್ಟುವ ಹಗ್ಗವಾಗಿ ‘ಹ್ಯಾವ್ ಬೀನ್’ ಬೇಕೇ ಬೇಕು: ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಮುಂಬಯಿ ಫಾರ್ ಟ್ವೆಂಟಿ ಇಯರ್ಸ್.’ ಎರಡನೆಯ ಹೊಂಚು ‘ಸಿನ್ಸ್’ ಮತ್ತು ‘ಫಾರ್’. ಕನ್ನಡಕ್ಕೆ 2004ರಿಂದ ಎಂದರೂ ‘ಇಂದ’, ಇಪ್ಪತ್ತು ವರ್ಷದಿಂದ ಎಂದರೂ ‘ಇಂದ’. ಇಂಗ್ಲಿಷ್ ಗೂಟಕ್ಕೆ ‘ಸಿನ್ಸ್’ ಎನ್ನುತ್ತದೆ, ಹಗ್ಗದ ಉದ್ದಕ್ಕೆ ‘ಫಾರ್’ ಎನ್ನುತ್ತದೆ. 2004, ಸೋಮವಾರ, ಮದುವೆಯಾದ ದಿನ, ಇವು ಗೂಟಗಳು. ಇಪ್ಪತ್ತು ವರ್ಷ, ಮೂರು ದಿನ, ಬಹಳ ಕಾಲ, ಇವು ಉದ್ದಗಳು. ‘ನಗರವು 1995ರಿಂದ ಅಧಿಕೃತವಾಗಿ ಮುಂಬಯಿ ಎನಿಸಿಕೊಂಡಿದೆ’ ಎಂಬುದಕ್ಕೆ ‘ಸಿನ್ಸ್’. ಅದಕ್ಕಿಂತ ಮೊದಲೂ ನಾವು ಕನ್ನಡದಲ್ಲಿ ‘ಮುಂಬಯಿ’ ಎಂದೇ ಬರೆಯುತ್ತಿದ್ದೆವು ಎಂಬುದು ಬೇರೆ ಮಾತು.

ಈ ಜಾಗದಲ್ಲಿ ಎಡವಿದರೆ ನಷ್ಟ ವ್ಯಾಕರಣಕ್ಕಷ್ಟೇ ಅಲ್ಲ. ಕೆಲಸಕ್ಕೆ ಅರ್ಜಿ ಹಾಕುವ ಯುವಕ ‘ಐ ವರ್ಕ್ಡ್ ಇನ್ ದಿಸ್ ಬ್ಯಾಂಕ್ ಫಾರ್ ಟೆನ್ ಇಯರ್ಸ್’ ಎಂದು ಬರೆದರೆ ಆ ಬ್ಯಾಂಕನ್ನು ಬಿಟ್ಟು ಬಂದವನೆಂದು ಓದುವವರು ತಿಳಿಯುತ್ತಾರೆ; ‘ಐ ಹ್ಯಾವ್ ವರ್ಕ್ಡ್’ ಎಂದರೆ ಈಗಲೂ ಅಲ್ಲಿಯೇ ಇದ್ದಾನೆ. ನನ್ನ ವಿದ್ಯಾರ್ಥಿಯೊಬ್ಬನನ್ನು ಸಂದರ್ಶನದಲ್ಲಿ, ‘ಕೆಲಸ ಬಿಟ್ಟು ಎಷ್ಟು ದಿನವಾಯಿತು?’ ಎಂದು ಮೊದಲ ಪ್ರಶ್ನೆಯಾಗಿ ಕೇಳಿದರಂತೆ. ಆತ ಅಂದು ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿ ಬಂದವನು.

‘ಹ್ಯಾವ್ ವರ್ಕ್ಡ್’ ಮತ್ತು ‘ಹ್ಯಾವ್ ಬೀನ್ ವರ್ಕಿಂಗ್’ ಎಂಬವುಗಳ ನಡುವೆ ಏನು ವ್ಯತ್ಯಾಸವೆಂದು ಕೇಳುವವರಿದ್ದಾರೆ. ಇಂಥ ವಾಕ್ಯಗಳಲ್ಲಿ ಹೆಚ್ಚೇನೂ ಇಲ್ಲ. ಕೆಲಸ ಮುಗಿದು ಫಲ ಸಿಕ್ಕಿದೆ ಎನ್ನುವಾಗ ಮಾತ್ರ ಜಾಗ್ರತೆ ಬೇಕು: ‘ಐ ಹ್ಯಾವ್ ಪೇಂಟೆಡ್ ದ ರೂಮ್’ ಎಂದರೆ ಬಣ್ಣ ಬಳಿದಾಯಿತು, ‘ಐ ಹ್ಯಾವ್ ಬೀನ್ ಪೇಂಟಿಂಗ್ ದ ರೂಮ್’ ಎಂದರೆ ಕೈಗೆ ಬಣ್ಣ ಮೆತ್ತಿಕೊಂಡಿದೆ, ಗೋಡೆ ಪೂರ್ತಿಯಾಯಿತೋ ಇಲ್ಲವೋ ತಿಳಿಯದು.

ಈಗ ಮೂರನೆಯ ಜಾಗಕ್ಕೆ, ನನ್ನ ಮಾತಿನ ಶೀರ್ಷಿಕೆಯಾಗಿರುವ ‘ಹೋಗಿದ್ದೆ’ಗೆ ಬರುತ್ತೇನೆ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಚೆನ್ನಾಗಿ ಇಂಗ್ಲಿಷ್ ಬಲ್ಲವರೂ, ದೊಡ್ಡ ಹುದ್ದೆಯಲ್ಲಿರುವವರೂ ಎಡವುವುದು ಇಲ್ಲಿಯೇ.

‘ಹೋದ ವರ್ಷ ಗೋವಾಕ್ಕೆ ಹೋಗಿದ್ದೆ.’ ಈ ವಾಕ್ಯದಲ್ಲಿ ‘ಹೋದೆ’ ಎನ್ನದೆ ‘ಹೋಗಿದ್ದೆ’ ಎಂದದ್ದೇಕೆ? ಕನ್ನಡದಲ್ಲಿ ‘ಹೋಗಿದ್ದೆ’ ಎಂದಾಗ, ಹೋಗಿ ಅಲ್ಲಿದ್ದು ಹಿಂದಿರುಗಿ ಬಂದೆ, ಆ ಸ್ಥಿತಿ ಈಗ ಇಲ್ಲ ಎಂಬ ಅರ್ಥ ಸೇರುತ್ತದೆ. ‘ನೀವಿಲ್ಲದಾಗ ಅಂಚೆಯವನು ಬಂದಿದ್ದ’ ಎಂದರೆ ಬಂದು ಹೋದ ಎಂದೇ ಅರ್ಥ. ‘ಬಂದಿದ್ದಾನೆ’ ಎಂದರೆ ಇನ್ನೂ ಬಾಗಿಲಲ್ಲಿದ್ದಾನೆ. ಮರಾಠಿಗರು ‘ಗೇಲೋ ಹೋತೋ’ ಎನ್ನುತ್ತಾರೆ, ಹಿಂದಿಯವರು ‘ಗಯಾ ಥಾ’ ಎನ್ನುತ್ತಾರೆ, ಭಾವ ಅದೇ. ಹೀಗೆ ಸುತ್ತಲಿನ ಭಾಷೆಗಳೆಲ್ಲ ಒಂದೇ ದನಿಯಲ್ಲಿ ಹೇಳುವಾಗ, ಇಂಗ್ಲಿಷಿನಲ್ಲಿಯೂ ‘ಐ ಹ್ಯಾಡ್ ಗಾನ್ ಟು ಗೋವಾ ಲಾಸ್ಟ್ ಇಯರ್’ ಎಂಬುದು ನಾಲಗೆಯ ಮೇಲೆ ತಾನಾಗಿ ಬಂದು ಕೂರುತ್ತದೆ. ರೂಪದ ಮಟ್ಟಿಗೆ ಹೊಂದಾಣಿಕೆ ಸೊಗಸಾಗಿಯೇ ಇದೆ: ಹೋಗಿ, ಇದ್ದೆ, ಹ್ಯಾಡ್, ಗಾನ್. ಅರ್ಥದ ಮಟ್ಟಿಗೆ ಮಾತ್ರ ಹೊಂದುವುದಿಲ್ಲ.

ಇಂಗ್ಲಿಷಿನ ‘ಹ್ಯಾಡ್ ಗಾನ್’ ಒಂಟಿಯಾಗಿ ನಿಲ್ಲಲಾರದು. ಅದಕ್ಕೆ ಹಿಂದಿನ ಕಾಲದಲ್ಲಿಯೇ ಇನ್ನೊಂದು ಘಟನೆ ಆಸರೆಯಾಗಿ ಬೇಕು. ಆ ಘಟನೆಗಿಂತ ಇದು ಮೊದಲಿನದು ಎಂದು ಹೇಳುವುದೇ ಅದರ ಕೆಲಸ. ಇಂಗ್ಲಿಷ್ ಚೆನ್ನಾಗಿ ಬಲ್ಲವರ ಮುಂದೆ ‘ಐ ಹ್ಯಾಡ್ ಗಾನ್ ಟು ಗೋವಾ’ ಎಂದು ನಿಲ್ಲಿಸಿದರೆ, ಆಮೇಲೇನಾಯಿತು ಎಂದು ಅವರು ಕಾಯುತ್ತಾರೆ. ನಾವೋ, ಹೇಳಬೇಕಾದದ್ದು ಮುಗಿಯಿತೆಂದು ಸುಮ್ಮನಿರುತ್ತೇವೆ. ಅವರಿಗೆ ಬೇಕಾದದ್ದು ಸರಳವಾದ ‘ಐ ವೆಂಟ್ ಟು ಗೋವಾ ಲಾಸ್ಟ್ ಇಯರ್’ ಅಷ್ಟೇ. ಹೋದವನು ಹಿಂದಿರುಗಿದ್ದಾನೆ ಎಂಬುದು ಎದುರಿಗೆ ನಿಂತಿರುವುದರಿಂದಲೇ ತಿಳಿಯುತ್ತದೆ. ಕಚೇರಿಗಳಲ್ಲಿ ದಿನವೂ ಓಡಾಡುವ ‘ಐ ಹ್ಯಾಡ್ ಸೆಂಟ್ ಯು ಎ ಮೇಲ್ ಆನ್ ಮಂಡೇ’ ಎಂಬ ವಾಕ್ಯಕ್ಕೂ ಇದೇ ಮದ್ದು: ‘ಐ ಸೆಂಟ್.’ ‘ಹ್ಯಾಡ್’ ಸೇರಿಸಿದರೆ ಮರ್ಯಾದೆ ಹೆಚ್ಚಾಗುತ್ತದೆ ಎಂದು ನಂಬಿರುವ ಒಬ್ಬ ಮೇಲಧಿಕಾರಿಯನ್ನು ನಾನು ಬಲ್ಲೆ. ಕೈಕೆಳಗಿನವರ ಸರಿಯಾದ ವಾಕ್ಯಗಳಿಗೆ ಅವರು ಕೆಂಪು ಶಾಯಿಯಲ್ಲಿ ‘ಹ್ಯಾಡ್’ ಸೇರಿಸಿ ಕಳುಹಿಸುತ್ತಿದ್ದರು.

ಹಾಗಾದರೆ ‘ಹ್ಯಾಡ್’ ಎಲ್ಲಿ ಬೇಕು? ಇದಕ್ಕೂ ಕನ್ನಡದ ಕಿವಿಯೇ ಉತ್ತರ ಕೊಡುತ್ತದೆ, ವಾಕ್ಯದಲ್ಲಿ ಎರಡು ಘಟನೆಗಳಿದ್ದರೆ. ‘ನಾನು ದಾದರ್ ತಲುಪಿದಾಗ ಲೋಕಲ್ ಹೋಗಿತ್ತು.’ ಇಲ್ಲಿ ತಲುಪುವ ಮೊದಲೇ ಹೋಗಿಯಾಗಿದೆ. ‘ದ ಟ್ರೇನ್ ಹ್ಯಾಡ್ ಲೆಫ್ಟ್’ ಎನ್ನಬೇಕು. ‘ನಾನು ತಲುಪಿದಾಗ ಲೋಕಲ್ ಹೊರಡುತ್ತಿತ್ತು’ ಎಂದರೆ ಇನ್ನೂ ಓಡಿ ಹತ್ತಬಹುದಿತ್ತು; ‘ವಾಸ್ ಲೀವಿಂಗ್.’ ‘ನಾನು ತಲುಪಿದಾಗ ಲೋಕಲ್ ಹೊರಟಿತು’ ಎಂದರೆ ತಲುಪುವುದೂ ಹೊರಡುವುದೂ ಒಂದರ ಬೆನ್ನಿಗೆ ಒಂದು ನಡೆದವು, ‘ಲೆಫ್ಟ್.’ ಮೂರು ಕನ್ನಡ ವಾಕ್ಯಗಳು, ಮೂರು ಇಂಗ್ಲಿಷ್ ವಾಕ್ಯಗಳು, ಕೂದಲೆಳೆಯಷ್ಟೂ ಅಂತರವಿಲ್ಲ. ಆದ್ದರಿಂದ ‘ಹೋಗಿದ್ದೆ’, ‘ಬಂದಿದ್ದ’, ‘ಹೇಳಿದ್ದರು’ ಎಂಬ ರೂಪಗಳು ಬಾಯಿಗೆ ಬಂದಾಗಲೆಲ್ಲ, ‘ಯಾವುದಕ್ಕಿಂತ ಮೊದಲು?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರವಿದ್ದರೆ ‘ಹ್ಯಾಡ್’ ಇರಲಿ. ಇಲ್ಲದಿದ್ದರೆ ತೆಗೆದುಬಿಡಿ.

ಇದೇ ಕ್ರಿಯಾಪದದ ಇನ್ನೊಂದು ಸೂಕ್ಷ್ಮ. ‘ಅವರು ಗೋವಾಕ್ಕೆ ಹೋಗಿದ್ದಾರೆ’ ಎಂದರೆ ಮನೆಯಲ್ಲಿಲ್ಲ ಎಂದಾಗಬಹುದು, ಜೀವನದಲ್ಲಿ ಎಂದೋ ಗೋವಾ ನೋಡಿದ್ದಾರೆ ಎಂದೂ ಆಗಬಹುದು. ಕನ್ನಡವು ಸಂದರ್ಭವನ್ನು ನಂಬಿ ಎರಡಕ್ಕೂ ಒಂದೇ ರೂಪ ಬಳಸುತ್ತದೆ. ಇಂಗ್ಲಿಷ್ ಮೊದಲನೆಯದಕ್ಕೆ ‘ಹ್ಯಾಸ್ ಗಾನ್’, ಎರಡನೆಯದಕ್ಕೆ ‘ಹ್ಯಾಸ್ ಬೀನ್’ ಎಂದು ಬೇರೆ ಮಾಡುತ್ತದೆ. ಎದುರಿಗೆ ನಿಂತು ‘ಐ ಹ್ಯಾವ್ ಗಾನ್ ಟು ಗೋವಾ’ ಎಂದರೆ ಕೇಳಿದವರಿಗೆ ನಗು ಬಂದೀತು, ಏಕೆಂದರೆ ಹೋದವರು ಇಲ್ಲಿರುವುದು ಹೇಗೆ?

ನಾಲ್ಕನೆಯ ಜಾಗ ‘ಹೋಗುತ್ತಿದ್ದೆ’ ಎಂಬುದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಈ ಸಭೆಯಲ್ಲಿಯೂ ಇದ್ದೀರಿ. ಹಗಲಿಡೀ ಹೋಟೆಲಿನಲ್ಲಿ ದುಡಿದು, ಕೈಯಲ್ಲಿ ಇನ್ನೂ ಸಾಂಬಾರಿನ ವಾಸನೆ ಇರುವಾಗಲೇ ಪುಸ್ತಕ ಬಿಡಿಸಿದವರು ನೀವು. ‘ಹಗಲು ಕೆಲಸ ಮಾಡುತ್ತಿದ್ದೆ, ರಾತ್ರಿ ಶಾಲೆಗೆ ಹೋಗುತ್ತಿದ್ದೆ’ ಎಂದು ನೀವು ಹೇಳುವಾಗ ಅದು ವರ್ಷಗಟ್ಟಲೆ ನಡೆದ ರೂಢಿಯ ಮಾತು. ‘ಮೊನ್ನೆ ಸಂಜೆ ನೀವು ಫೋನ್ ಮಾಡಿದಾಗ ಶಾಲೆಗೆ ಹೋಗುತ್ತಿದ್ದೆ’ ಎಂದರೆ ದಾರಿಯ ನಡುವೆ ಇದ್ದ ಒಂದು ಗಳಿಗೆಯ ಮಾತು. ಕನ್ನಡಕ್ಕೆ ಎರಡೂ ಒಂದೇ ರೂಪ. ಇಂಗ್ಲಿಷಿನ ‘ವಾಸ್ ಗೋಯಿಂಗ್’ ಎರಡನೆಯದಕ್ಕೆ ಮಾತ್ರ ಹೊಂದುತ್ತದೆ. ರೂಢಿಗೆ ‘ಐ ವೆಂಟ್’ ಎಂದರೆ ಸಾಕು. ಈಗ ಹೋಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾದರೆ ‘ಐ ಯೂಸ್ಡ್ ಟು ಗೋ.’ ‘ಐ ವಾಸ್ ಗೋಯಿಂಗ್ ಟು ನೈಟ್ ಸ್ಕೂಲ್ ಫಾರ್ ಫೈವ್ ಇಯರ್ಸ್’ ಎಂದು ಆತ್ಮಕಥೆಯಲ್ಲಿ ಬರೆದರೆ, ಐದು ವರ್ಷವೂ ದಾರಿಯಲ್ಲಿಯೇ ನಡೆಯುತ್ತಿದ್ದವನ ಚಿತ್ರ ಓದುಗನ ಮನಸ್ಸಿಗೆ ಬಂದರೆ ಆಶ್ಚರ್ಯವಿಲ್ಲ.

ಐದನೆಯದು ‘ಇಂಗ್’ ಎಂಬ ಪ್ರತ್ಯಯದ ಮೇಲಿನ ನಮ್ಮ ಅತಿಯಾದ ಪ್ರೀತಿ. ‘ಐ ಆಮ್ ನೋಯಿಂಗ್ ಹಿಮ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ವಾಂಟಿಂಗ್ ಲೀವ್’ ಎಂಬಂಥ ವಾಕ್ಯಗಳನ್ನು ಹಾಸ್ಯದ ನಟರು ನಮ್ಮ ಬಾಯಿಗೆ ತುರುಕಿ ನಗಿಸುತ್ತಾರೆ. ಇವು ಕನ್ನಡದ ಪ್ರಭಾವದಿಂದ ಬಂದ ತಪ್ಪುಗಳೆಂದು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ, ಇಲ್ಲಿ ಕನ್ನಡ ನಿರಪರಾಧಿ. ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೆ ಇಷ್ಟ’, ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬ ಮಾತುಗಳನ್ನು ಗಮನಿಸಿ. ‘ಗೊತ್ತುತ್ತಿದೆ’ ಎಂದು ಯಾವ ಕನ್ನಡಿಗನೂ ಹೇಳಿದ್ದಿಲ್ಲ, ‘ಬೇಕುತ್ತಿದೆ’ ಎಂದು ಯಾವ ಮಗುವೂ ಅತ್ತಿಲ್ಲ. ಇವು ನಾವು ಮಾಡುವ ಕೆಲಸಗಳಲ್ಲ, ನಮ್ಮಲ್ಲಿರುವ ಸ್ಥಿತಿಗಳು. ಅದಕ್ಕಾಗಿಯೇ ಕನ್ನಡವು ‘ನಾನು’ ಎನ್ನದೆ ಚತುರ್ಥಿ ವಿಭಕ್ತಿಯ ‘ನನಗೆ’ಯನ್ನು ಮುಂದಿಡುತ್ತದೆ. ಇಂಗ್ಲಿಷ್ ಕೂಡ ಸ್ಥಿತಿಗಳಿಗೆ ‘ಇಂಗ್’ ಹಚ್ಚುವುದಿಲ್ಲ. ಹೀಗಾಗಿ ನನ್ನ ವಿದ್ಯಾರ್ಥಿಗಳಿಗೆ ಒಂದು ಅಡ್ಡದಾರಿ ಹೇಳಿಕೊಡುತ್ತಿದ್ದೆ: ಕನ್ನಡದಲ್ಲಿ ಮಾತು ‘ನನಗೆ’ ಎಂದು ಶುರುವಾಗಿ ಗೊತ್ತು, ಬೇಕು, ಇಷ್ಟ, ನೆನಪು, ಇದೆ ಎಂದು ಮುಗಿದರೆ ಇಂಗ್ಲಿಷಿನಲ್ಲಿ ‘ಇಂಗ್’ ಬೇಡ. ‘ನನಗೆ ಗೊತ್ತಾಗುತ್ತಿದೆ’ ಎಂದಾಗ ಮಾತ್ರ ಒಳಗೆ ‘ಆಗು’ ಎಂಬ ಕ್ರಿಯೆ ನಡೆಯುತ್ತಿರುವುದರಿಂದ ವಿಷಯ ಬೇರೆ. ಅದಕ್ಕೆ ‘ನೋ’ ಎಂಬ ಪದವನ್ನೇ ಬಿಟ್ಟು ‘ಐ ಆಮ್ ಬಿಗಿನಿಂಗ್ ಟು ಅಂಡರ್‌ಸ್ಟ್ಯಾಂಡ್’ ಎಂಬಂಥ ಮಾತಿಗೆ ಹೋಗಬೇಕು. ಅಡ್ಡದಾರಿಗೂ ಮಿತಿಯಿದೆ, ‘ನನಗೆ ಜ್ವರ ಬರುತ್ತಿದೆ’ ಮುಂತಾದವು ಅದರೊಳಗೆ ಬರುವುದಿಲ್ಲ. ಆದರೆ ಹತ್ತರಲ್ಲಿ ಒಂಬತ್ತು ಸಲ ಅದು ಕೈ ಬಿಡುವುದಿಲ್ಲ. ‘ಇಂಗ್’ ತಪ್ಪಿನ ಮೂಲ ನನ್ನ ಅನುಭವದಲ್ಲಿ ಶಾಲೆಯ ಕಂಠಪಾಠ: ‘ಐ ಆಮ್ ಈಟಿಂಗ್, ಐ ಆಮ್ ರನ್ನಿಂಗ್’ ಎಂದು ವರ್ಷವಿಡೀ ಹೇಳಿಸಿದರೆ ನಾಲಗೆ ಅದೇ ತಾಳಕ್ಕೆ ಬೀಳುತ್ತದೆ.

ಮುಗಿಸುವ ಮೊದಲು, ಸಂತೋಷಕ್ಕಾಗಿ ಒಂದು ಮಾತು. ಹೋಟೆಲಿನಲ್ಲಿ ಕುಳಿತು ಕರೆದರೆ ಆಚೆ ಟೇಬಲ್ ಒರೆಸುತ್ತಿರುವ ಮಾಣಿ ‘ಬಂದೆ ಸಾರ್’ ಎನ್ನುತ್ತಾನೆ. ಆತ ಇನ್ನೂ ಬಂದಿಲ್ಲ, ಹೊರಟೂ ಇಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತವರು ದೂರದಲ್ಲಿ ಗಾಡಿಯ ದೀಪ ಕಂಡೊಡನೆ ‘ಬಂತು ಬಂತು’ ಎನ್ನುತ್ತಾರೆ. ಖಂಡಿತವಾಗಿ ಈಗಲೇ ಆಗಲಿರುವುದನ್ನು ಆಗಿಯೇ ಹೋಯಿತೆಂದು ಹೇಳುವ ಈ ಭೂತಕಾಲ ನಮ್ಮ ಭಾಷೆಯ ಒಂದು ಸೊಗಸು. ಇದನ್ನು ಇಂಗ್ಲಿಷಿಗೆ ಒಯ್ಯುವಾಗ ‘ಐ ಆಮ್ ಕಮಿಂಗ್’ ಎಂದೋ ‘ಹಿಯರ್ ಇಟ್ ಕಮ್ಸ್’ ಎಂದೋ ವರ್ತಮಾನಕ್ಕೆ ತರಬೇಕು. ‘ಐ ಕೇಮ್ ಸರ್’ ಎಂದರೆ ಗಿರಾಕಿಗಳು ತಲೆಯೆತ್ತಿ ಸುತ್ತ ಹುಡುಕಬೇಕಾದೀತು.

ಪ್ರಶ್ನೆಗಳ ಹೊತ್ತಿನಲ್ಲಿ ಯುವಕನೊಬ್ಬ, ಕಚೇರಿಯಲ್ಲಿ ಎಲ್ಲರೂ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎನ್ನುವಾಗ ನಾನೊಬ್ಬನೇ ತಿದ್ದಿಕೊಂಡು ಮಾಡುವುದೇನು, ಇದು ಭಾರತೀಯ ಇಂಗ್ಲಿಷ್ ಎಂದು ಒಪ್ಪಿಕೊಳ್ಳಬಾರದೇ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಮಾತಿನಲ್ಲಿ 'ಅರ್ಥವಾದರೆ ಸಾಕು' ಎನ್ನುವವರೊಡನೆ ನನ್ನ ಜಗಳವಿಲ್ಲ. ನಾನು ಕೂಡ ಲೋಕಲಿನಲ್ಲಿ ಯಾರನ್ನೂ ತಿದ್ದುವುದಿಲ್ಲ. ಈ ವಾಕ್ಯವನ್ನು ಕೇಳಿದವರಿಗೆ ತಪ್ಪು ಕಂಡರೂ ಅರ್ಥ ಕೆಡುವುದಿಲ್ಲ. ಆದರೆ ‘ಐ ಹ್ಯಾಡ್ ಫೀವರ್’, ‘ಐ ವರ್ಕ್ಡ್ ಇನ್ ದಿಸ್ ಬ್ಯಾಂಕ್’ ಎಂಬವುಗಳಲ್ಲಿ ವ್ಯಾಕರಣ ಸರಿಯಾಗಿಯೇ ಇದ್ದು ಅರ್ಥ ಕೆಡುತ್ತದೆ, ಕೇಳಿದವರಿಗೆ ಅದು ಗೊತ್ತೂ ಆಗುವುದಿಲ್ಲ. ನಾನು ಮೊದಲು ತಿದ್ದುವುದು ಈ ಎರಡನೆಯ ಬಗೆಯನ್ನು.

ಕೊನೆಯ ಪ್ರಶ್ನೆ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರದು. ಅಮೆರಿಕದಲ್ಲಿರುವ ಮೊಮ್ಮಗನಿಗೆ ಫೋನಿನಲ್ಲಿ ‘ಹ್ಯಾವ್ ಯು ಈಟನ್?’ ಎಂದು ಕೇಳಿದರೆ ಅವನು ‘ಐ ಆಲ್ರೆಡಿ ಏಟ್, ಅಜ್ಜಿ’ ಎನ್ನುತ್ತಾನೆ. ನೀವು ಹೇಳಿದ ಪ್ರಕಾರ ಅವನದು ತಪ್ಪಲ್ಲವೇ, ತಿದ್ದಲೇ ಎಂದರು. ತಿದ್ದಬೇಡಿ ಎಂದೆ. ‘ಆಲ್ರೆಡಿ’, ‘ಜಸ್ಟ್’, ‘ಯೆಟ್’ ಎಂಬ ಪದಗಳಿದ್ದಾಗ ಬ್ರಿಟನ್ನಿನವರು ‘ಹ್ಯಾವ್’ ಬಯಸುತ್ತಾರೆ, ಅಮೆರಿಕದವರು ಸಿಂಪಲ್ ಪಾಸ್ಟಿನಲ್ಲಿ ಹೇಳುವುದೂ ಉಂಟು. ‘ಡಿಡ್ ಯು ಈಟ್ ಯೆಟ್?’ ಎಂಬುದು ಅಲ್ಲಿ ಮನೆಮಾತು. ಅಜ್ಜಿ ಒಂದು ಕ್ಷಣ ಯೋಚಿಸಿ, ‘ಹಾಗಾದರೆ ನಾವು ಊಟ ಆಗಿದೆಯಾ ಎನ್ನುವುದಿಲ್ಲ, ಊಟ ಆಯಿತಾ ಎನ್ನುತ್ತೇವಲ್ಲ, ಅದೂ ಅವನ ಥರದ್ದೇ ಅಲ್ಲವೇ?’ ಎಂದರು. ಹೌದು, ಅದೇ ಥರದ್ದು. ಇಷ್ಟು ವರ್ಷ ಈ ಪಾಠ ಮಾಡಿದ ನನಗೆ ಅದು ಹೊಳೆದಿರಲಿಲ್ಲ.